ತಂತಿಯಿಲ್ಲದ ಅಂತರಜಾಲವೂ ದುರ್ಗದ ಬೆಟ್ಟಗಳೂ

ಯಂತ್ರ ಒಂದೇ ಬಗೆಯದು, ಕಂಪೆನಿಯೂ ಒಂದೇ, ತೆತ್ತ ಹಣವೂ ಒಂದೇ. ಆದರೂ ಚಿತ್ರದುರ್ಗದ ಪೇಟೆಯಲ್ಲಿ ಕುಳಿತವನಿಗೆ ಕ್ಷಣಮಾತ್ರದಲ್ಲಿ ಒದಗುವ ಅಂತರಜಾಲವು ಬೆಟ್ಟದ ಹಿಂಬದಿಯ ಹಳ್ಳಿಯವನಿಗೆ ಗಂಟೆಗಟ್ಟಲೆ ಕಾದರೂ ಒದಗದು. ಇದಕ್ಕೆ ಕಾರಣವೇನು? ಯಂತ್ರದ ದೋಷವೆ, ಸೇವೆ ನೀಡುವವರ ಉದಾಸೀನವೆ, ಅಥವಾ ಪ್ರಕೃತಿಯ ನಿಯಮವೆ? ಈ ಮೂರರಲ್ಲಿ ಯಾವುದರ ಪಾಲು ಎಷ್ಟು ಎಂಬುದನ್ನು ಬೇರ್ಪಡಿಸಿ ತಿಳಿದ ಹೊರತು ನಾವು ನ್ಯಾಯವಾಗಿ ದೂರಲೂ ಆರೆವು, ನ್ಯಾಯವಾಗಿ ಕೇಳಲೂ ಆರೆವು. ಆದುದರಿಂದ ಜೊತೆಯಲ್ಲಿಯೇ ಕೊಂಡೊಯ್ಯಬಹುದಾದ ತಂತಿರಹಿತ ಅಂತರಜಾಲವು ಹೇಗೆ ಕೆಲಸ ಮಾಡುತ್ತದೆಂಬುದನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ಊರುಗಳ ನೆಲವನ್ನೇ ಉದಾಹರಣೆಯಾಗಿಟ್ಟುಕೊಂಡು ವಿಚಾರಮಾಡೋಣ.

ನಮ್ಮ ದೇಶದಲ್ಲಿ ಅಂತರಜಾಲವು ಸಾರ್ವಜನಿಕರಿಗೆ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ಆಗ ಅದು ದೂರವಾಣಿಯ ತಂತಿಯ ಮೂಲಕ ಬರುತ್ತಿದ್ದಿತು. ಒಬ್ಬರು ಅಂತರಜಾಲದಲ್ಲಿದ್ದರೆ ಮನೆಯ ದೂರವಾಣಿಯಲ್ಲಿ ಮತ್ತೊಬ್ಬರು ಮಾತನಾಡುವಂತಿರಲಿಲ್ಲ. ೨೦೦೫ರಲ್ಲಿ ಭಾರತ ಸಂಚಾರ ನಿಗಮವು ಅದೇ ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿತು. ವೇಗವೇನೋ ಹೆಚ್ಚಿತು, ಆದರೆ ದೂರವಾಣಿ ವಿನಿಮಯ ಕೇಂದ್ರದಿಂದ ನಾಲ್ಕೈದು ಕಿಲೊಮೀಟರ್ ದೂರ ಹೋಗುವಷ್ಟರಲ್ಲಿ ತಾಮ್ರದ ತಂತಿಯಲ್ಲಿ ಸಂಕೇತವು ಸವೆದುಹೋಗುತ್ತದೆ. ಊರಿನ ಹೊರಗಿನ ತೋಟದ ಮನೆಗೆ ಆ ಸೇವೆ ಮುಟ್ಟುವಂತಿರಲಿಲ್ಲ. ಈ ಕೊರತೆಯನ್ನು ನೀಗಿಸಲು ಬಂದದ್ದೇ ‘ಡೇಟಾ ಕಾರ್ಡ್’. ಜನರ ಬಾಯಲ್ಲಿ ಅದು ‘ಡಾಂಗಲ್’ ಆಯಿತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಈ ಸಾಧನವನ್ನು ಗಣಕಯಂತ್ರದ ಪಕ್ಕಕ್ಕೆ ಚುಚ್ಚಿದರೆ ಸಾಕು, ತಂತಿಯ ಹಂಗಿಲ್ಲದೆ ಅಂತರಜಾಲ ಬರುತ್ತಿದ್ದಿತು. ೨೦೦೮ರಿಂದ ೨೦೧೦ರವರೆಗಿನ ಅವಧಿಯಲ್ಲಿ ಟಾಟಾ ಫೋಟಾನ್, ರಿಲಯನ್ಸ್ ನೆಟ್‌ಕನೆಕ್ಟ್, ಎಂಟಿಎಸ್ ಎಂಬ್ಲೇಜ್ ಮೊದಲಾದ ಹೆಸರುಗಳು ಪತ್ರಿಕೆಗಳ ಜಾಹೀರಾತಿನಲ್ಲಿ ತುಂಬಿದ್ದುವು; ಭಾರತ ಸಂಚಾರ ನಿಗಮವೂ ಅದೇ ತಂತ್ರದ ಸೇವೆಯನ್ನು ನೀಡಿತು. ಮಹಾನಗರಗಳಲ್ಲಿ ಮೊದಲಾದ ಇಂಥ ಸೇವೆಗಳು ಬಳಿಕ ಜಿಲ್ಲಾ ಕೇಂದ್ರಗಳಿಗೂ ತಾಲ್ಲೂಕು ಪಟ್ಟಣಗಳಿಗೂ ಹಬ್ಬಿದುವು. ಊರಿನ ಹೆಸರು ಪಟ್ಟಿಯಲ್ಲಿ ಸೇರಿತೆಂದರೆ ಊರಿನ ಸುತ್ತಲಿನ ಹಳ್ಳಿಗೂ ಸೇವೆ ಸಿಕ್ಕಿತೆಂದು ತಿಳಿಯುವುದು ಸಹಜ. ಆದರೆ ಇವೆರಡೂ ಬೇರೆ ಬೇರೆ ಸಂಗತಿಗಳು.

ಮಾಹಿತಿಯ ಅಳತೆ

ಮೊದಲು, ಸಾಗಿಸಬೇಕಾದ ಸರಕು ಎಷ್ಟೆಂದು ನೋಡೋಣ. ಗಣಕಯಂತ್ರಕ್ಕೆ ತಿಳಿಯುವುದು ‘ಹೌದು’ ‘ಅಲ್ಲ’ ಎಂಬ ಎರಡೇ ಮಾತು. ಇಂಥ ಒಂದು ಮಾತಿಗೆ ‘ಬಿಟ್’ ಎಂದು ಹೆಸರು. ಎಂಟು ಬಿಟ್ ಸೇರಿ ಒಂದು ‘ಬೈಟ್’. ಅಂತರಜಾಲದಲ್ಲಿ ರೂಢಿಯಲ್ಲಿರುವ ಯೂನಿಕೋಡ್ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ೩ ಬೈಟ್, ಎಂದರೆ ೨೪ ಬಿಟ್ ಬೇಕು. ‘ಕ್ಷ’ ಎಂಬ ಒಂದು ಒತ್ತಕ್ಷರವು ಗಣಕದ ಲೆಕ್ಕದಲ್ಲಿ ಕಕಾರ, ಅದರ ಸ್ವರವನ್ನು ಕಳೆಯುವ ಗುರುತು, ಷಕಾರ ಎಂಬ ಮೂರು ಸಂಕೇತಗಳಾಗುವುದರಿಂದ ಅದೊಂದಕ್ಕೇ ೭೨ ಬಿಟ್ ಆಗುತ್ತದೆ. ಒಂದು ಪುಟದಲ್ಲಿ ೨,೦೦೦ ಸಂಕೇತಗಳಿವೆಯೆಂದಿಟ್ಟುಕೊಂಡರೆ ಒಟ್ಟು ೪೮,೦೦೦ ಬಿಟ್ ಆಯಿತು. ಹಳೆಯ ದೂರವಾಣಿ ಸಂಪರ್ಕವು ಹೆಚ್ಚೆಂದರೆ ಸೆಕೆಂಡಿಗೆ ೫೬,೦೦೦ ಬಿಟ್ ಸಾಗಿಸುತ್ತಿದ್ದುದರಿಂದ ಒಂದು ಪುಟಕ್ಕೆ ಒಂದು ಸೆಕೆಂಡು ಸಾಕಾಗುತ್ತಿದ್ದಿತು.

ಬರಿಯ ಬರವಣಿಗೆಯಾದರೆ ಹೀಗೆ. ಚಿತ್ರದ ಮಾತೇ ಬೇರೆ. ರೋಗ ತಗುಲಿದ ದಾಳಿಂಬೆ ಗಿಡದ ಎಲೆಯನ್ನು ಕೃಷಿ ತಜ್ಞರಿಗೆ ತೋರಿಸಬೇಕೆಂದು ರೈತನೊಬ್ಬನು ತೆಗೆದ ಫೋಟೋ ೩ ಮೆಗಾಬೈಟ್ ಇರಬಹುದು. ಎಂದರೆ ೨ ಕೋಟಿ ೪೦ ಲಕ್ಷ ಬಿಟ್. ಹಳೆಯ ಸಂಪರ್ಕದಲ್ಲಿ ಇದಕ್ಕೆ ಏಳು ನಿಮಿಷಗಳಿಗೂ ಹೆಚ್ಚು ಕಾಲ ಬೇಕು. ೨೦೦೪ರ ರಾಷ್ಟ್ರೀಯ ನೀತಿಯು ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಸೆಕೆಂಡಿಗೆ ೨೫೬ ಕಿಲೊಬಿಟ್ ಸಾಕೆಂದು ವಿಧಿಸಿತ್ತು. ಆ ವೇಗದಲ್ಲಿ ಸುಮಾರು ಒಂದೂವರೆ ನಿಮಿಷ. ಈ ಮಿತಿಯನ್ನು ೨೦೧೩ರಲ್ಲಿ ೫೧೨ ಕಿಲೊಬಿಟ್ಟಿಗೂ, ೨೦೨೩ರಲ್ಲಿ ೨ ಮೆಗಾಬಿಟ್ಟಿಗೂ ಏರಿಸಲಾಯಿತು. ಡೇಟಾ ಕಾರ್ಡಿನ ಜಾಹೀರಾತುಗಳಲ್ಲಿ ಕಾಣುತ್ತಿದ್ದ ಅಂಕಿ ೩.೧ ಮೆಗಾಬಿಟ್, ಅಷ್ಟು ವೇಗ ನಿಜವಾಗಿ ದೊರೆತರೆ ಎಂಟು ಸೆಕೆಂಡಿನೊಳಗೆ ಫೋಟೋ ತಲಪಬೇಕು. ದೊರೆತರೆ ಎಂಬ ಮಾತನ್ನು ವಾಚಕರು ನೆನಪಿಡಬೇಕು.

ಅಲೆಗಳ ಉದ್ದ

ತಂತಿಯಿಲ್ಲದೆ ಸಂಕೇತವನ್ನು ಹೊತ್ತು ತರುವುದು ವಿದ್ಯುತ್ಕಾಂತ ಅಲೆ. ಇಂಥ ಅಲೆಗಳಿರಬೇಕೆಂದು ಮ್ಯಾಕ್ಸ್‌ವೆಲ್ಲನು ೧೮೬೫ರಲ್ಲಿ ಗಣಿತದಿಂದ ತೋರಿಸಿದನು. ೧೮೮೭-೮೮ರಲ್ಲಿ ಹರ್ಟ್ಸ್ ಎಂಬ ಜರ್ಮನ್ ವಿಜ್ಞಾನಿಯು ಅವನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸಿದನು. ನಮ್ಮವರೇ ಆದ ಜಗದೀಶಚಂದ್ರ ಬೋಸರು ೧೮೯೫ರಲ್ಲಿ ಕಲ್ಕತ್ತೆಯಲ್ಲಿ ಗೋಡೆಯನ್ನು ದಾಟಿ ಬಂದ ಅಲೆಗಳಿಂದ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಯನ್ನು ಹೊತ್ತಿಸಿ ಜನರನ್ನು ಬೆರಗುಗೊಳಿಸಿದರು. ೧೯೩೫ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಪ್ರಸಾರ ಕೇಂದ್ರವನ್ನು ಸ್ಥಾಪಿಸಿದರು; ‘ಆಕಾಶವಾಣಿ’ ಎಂಬ ಹೆಸರು ಕನ್ನಡನಾಡಿನಲ್ಲಿ ಬಳಕೆಗೆ ಬಂದದ್ದು ಆ ಕೇಂದ್ರದಿಂದ.

ಎಲ್ಲ ವಿದ್ಯುತ್ಕಾಂತ ಅಲೆಗಳೂ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೊಮೀಟರ್ ವೇಗದಲ್ಲಿ ಓಡುತ್ತವೆ. ಅವುಗಳಲ್ಲಿ ಭೇದವಿರುವುದು ಉದ್ದದಲ್ಲಿ. ಭದ್ರಾವತಿ ಆಕಾಶವಾಣಿಯು ಮಧ್ಯಮ ತರಂಗದಲ್ಲಿ ಬಹುಕಾಲ ಬಳಸಿದ ೬೭೫ ಕಿಲೊಹರ್ಟ್ಸ್ ಅಲೆಯ ಉದ್ದ ೪೪೪ ಮೀಟರ್. ಎಫ್.ಎಂ. ಪ್ರಸಾರದ ಅಲೆ ಸುಮಾರು ೩ ಮೀಟರ್. ಡೇಟಾ ಕಾರ್ಡುಗಳು ಬಳಸುತ್ತಿದ್ದ ೮೦೦ ಮೆಗಾಹರ್ಟ್ಸ್ ಪಟ್ಟಿಯ ಅಲೆಯಾದರೋ ಸುಮಾರು ೩೭ ಸೆಂಟಿಮೀಟರ್. ಮೊಳಕ್ಕಿಂತ ಸ್ವಲ್ಪ ಕಡಮೆ. ೨೦೧೦ರಲ್ಲಿ ಹರಾಜಾದ ‘ತ್ರೀ-ಜಿ’ ಸೇವೆಯ ೨,೧೦೦ ಮೆಗಾಹರ್ಟ್ಸ್ ಅಲೆ ೧೪ ಸೆಂಟಿಮೀಟರ್, ಗೇಣಿಗೂ ಕಿರಿದು. ಈ ಉದ್ದಗಳಲ್ಲಿಯೇ ನಮ್ಮ ಪ್ರಶ್ನೆಯ ಅರ್ಧ ಉತ್ತರ ಅಡಗಿದೆ.

ಕೆರೆಯ ನೀರಿನಲ್ಲಿ ಅಲೆಯೇಳುವುದನ್ನು ನೋಡಿ. ಸಣ್ಣ ಕಡ್ಡಿಯೊಂದು ನೀರಿನಲ್ಲಿ ನಿಂತಿದ್ದರೆ ದೊಡ್ಡ ಅಲೆ ಅದನ್ನು ಲಕ್ಷಿಸದೆ ಮುಂದೆ ಸಾಗುತ್ತದೆ. ಕಡ್ಡಿಯ ಹಿಂದೆ ನೆರಳೆಂಬುದೇ ಬೀಳುವುದಿಲ್ಲ. ಅದೇ ಸ್ಥಳದಲ್ಲಿ ದೊಡ್ಡ ಬಂಡೆಯಿದ್ದರೆ ಬಂಡೆಯ ಹಿಂದೆ ನೀರು ಶಾಂತವಾಗಿರುತ್ತದೆ. ಅಲೆಯ ಉದ್ದಕ್ಕೆ ಹೋಲಿಸಿದಾಗ ಅಡ್ಡಿಯು ಎಷ್ಟು ದೊಡ್ಡದೆಂಬುದೇ ಇಲ್ಲಿ ಮುಖ್ಯ. ೪೪೪ ಮೀಟರಿನ ರೇಡಿಯೋ ಅಲೆಗೆ ಒಂದು ಗುಡ್ಡವು ದೊಡ್ಡ ಅಡ್ಡಿಯಲ್ಲ. ಅದು ಬಾಗಿ ಆಚೆಗೆ ಇಳಿಯುತ್ತದೆ. ಮೊಳದುದ್ದದ ಅಲೆ ಸ್ವಲ್ಪವೇ ಬಾಗುತ್ತದೆ. ಗೇಣುದ್ದದ್ದು ಇನ್ನೂ ಕಡಮೆ ಬಾಗುತ್ತದೆ. ಹಳ್ಳಿಯಲ್ಲಿ ಅಜ್ಜನ ಕಾಲದ ರೇಡಿಯೋ ಹಾಡುತ್ತಿದ್ದರೂ ಮೊಮ್ಮಗನ ಡಾಂಗಲ್ ಮೌನವಾಗಿದ್ದುದಕ್ಕೆ ಇದೊಂದು ಕಾರಣ.

ನಾಲ್ಕು ಊರುಗಳ ನೆಲ

ಈಗ ನೆಲವನ್ನು ನೋಡೋಣ. ಚಿತ್ರದುರ್ಗ ಜಿಲ್ಲೆಯ ನಡುವೆ ವಾಯವ್ಯದಿಂದ ಆಗ್ನೇಯದ ಕಡೆಗೆ ಒಂದು ಬೆಟ್ಟಸಾಲು ಹಾದುಹೋಗಿದೆ. ಜೋಗಿಮಟ್ಟಿ ಈ ಸಾಲಿನಲ್ಲಿದೆ. ಹೊಸದುರ್ಗ, ಹೊಳಲ್ಕೆರೆಗಳು ಸಾಲಿನ ಪಶ್ಚಿಮಕ್ಕೆ, ಹಿರಿಯೂರು ಪೂರ್ವಕ್ಕೆ. ಹೊಸದುರ್ಗದ ಕಡೆಯಿಂದ ಬರುವ ವೇದಾವತಿಯು ಈ ಸಾಲನ್ನು ಸೀಳಿಕೊಂಡು ಹಿರಿಯೂರಿನ ಕಡೆಗೆ ಹೊರಬೀಳುವ ಇಕ್ಕಟ್ಟಿನ ಸ್ಥಳವೇ ಮಾರಿಕಣಿವೆ. ೧೮೯೮ರಿಂದ ೧೯೦೭ರವರೆಗೆ ಅಲ್ಲಿ ಕಟ್ಟಿದ ವಾಣೀವಿಲಾಸ ಸಾಗರವು ಎಲ್ಲರಿಗೂ ಪರಿಚಿತವಾದುದೇ. ನೀರು ಹೋಗಲು ಪ್ರಕೃತಿ ಒಂದು ದಾರಿಯನ್ನು ಬಿಟ್ಟಿತು. ನೇರವಾಗಿ ಹೋಗಬಯಸುವ ಅಲೆಗೆ ಬೆಟ್ಟಸಾಲು ಗೋಡೆಯಂತೆ ನಿಂತಿದೆ.

ದುರ್ಗದ ಕೋಟೆಯ ಬತೇರಿಯ ಮೇಲೆ ಒಂದು ದೊಡ್ಡ ದೀಪವನ್ನು ಹೊತ್ತಿಸಿದ್ದಾರೆಂದು ಭಾವಿಸಿ. ಅದು ಯಾವ ಯಾವ ಹಳ್ಳಿಗೆ ಕಾಣುವುದೋ ಸ್ಥೂಲವಾಗಿ ಆ ಹಳ್ಳಿಗಳಿಗೇ ಅಲ್ಲಿಟ್ಟ ಪ್ರೇಷಕದ ಕಿರುಅಲೆಗಳೂ ಮುಟ್ಟುವುವು. ಭೂಮಿ ದುಂಡಾಗಿರುವುದರಿಂದ ಬಯಲಿನಲ್ಲಿಯೂ ದೃಷ್ಟಿಗೆ ಒಂದು ಮಿತಿಯುಂಟು. ಗೋಪುರದ ಎತ್ತರವನ್ನು ಮೀಟರುಗಳಲ್ಲಿ ಹಿಡಿದು ಅದರ ವರ್ಗಮೂಲವನ್ನು ೪.೧೨ರಿಂದ ಗುಣಿಸಿದರೆ ರೇಡಿಯೋ ಅಲೆಯ ದಿಗಂತವು ಕಿಲೊಮೀಟರುಗಳಲ್ಲಿ ದೊರೆಯುತ್ತದೆ. ೪೦ ಮೀಟರ್ ಎತ್ತರದ ಟವರಿಗೆ ಇದು ೨೬ ಕಿಲೊಮೀಟರ್. ಬಯಲಿಗಿಂತ ೨೦೦ ಮೀಟರ್ ಎತ್ತರದ ಗುಡ್ಡದ ಮೇಲಾದರೆ ೫೮ ಕಿಲೊಮೀಟರ್. ಚಿತ್ರದುರ್ಗದಿಂದ ಹಿರಿಯೂರು ಸುಮಾರು ೪೦, ಹೊಳಲ್ಕೆರೆ ಮೂವತ್ತಕ್ಕೂ ಮೇಲೆ, ಹೊಸದುರ್ಗವು ರಸ್ತೆಯ ದಾರಿಯಲ್ಲಿ ಐವತ್ತಕ್ಕೂ ಮೇಲೆ. ಹಾಗಾದರೆ ಎತ್ತರದ ಗುಡ್ಡದ ಮೇಲೆ ಒಂದೇ ಟವರನ್ನಿಟ್ಟು ನಾಲ್ಕು ಊರುಗಳಿಗೂ ಅಂತರಜಾಲವನ್ನು ಕೊಡಬಾರದೇಕೆ?

ಕೊಡಬಾರದೆಂಬುದಕ್ಕೆ ಕಾರಣಗಳಿವೆ. ಮೊದಲನೆಯದು, ರೇಡಿಯೋದಂತೆ ಇದು ಕೇಳುವ ಕೆಲಸ ಮಾತ್ರವಲ್ಲ. ಮರುಮಾತನಾಡುವ ಕೆಲಸವೂ ಹೌದು. ಟವರಿನ ಪ್ರೇಷಕಕ್ಕೆ ೨೦ ವಾಟ್ ಶಕ್ತಿಯಿರಬಹುದು. ಕೈಯಲ್ಲಿನ ಸಾಧನಕ್ಕೆ ಇರುವುದು ವಾಟಿನ ಐದನೆಯ ಒಂದು ಪಾಲು ಮಾತ್ರ. ಎಂದರೆ ನೂರರಲ್ಲಿ ಒಂದು. ಬತೇರಿಯ ಮೇಲೆ ನಿಂತವನು ಕಹಳೆಯೂದಿದರೆ ಬಯಲಿನವನಿಗೆ ಕೇಳಿಸೀತು. ಬಯಲಿನವನು ಕೂಗಿದರೆ ಬತೇರಿಯವನಿಗೆ ಕೇಳಿಸಬೇಕಲ್ಲ! ಪರದೆಯ ಮೇಲೆ ಸಂಕೇತದ ಗೀಟುಗಳು ಕಾಣುತ್ತಿದ್ದರೂ ಪುಟ ತೆರೆಯದಿರುವ ಅನುಭವವು ಅನೇಕರಿಗೆ ಆಗಿರಬಹುದು. ಅದರ ಒಂದು ಕಾರಣ ಇದು.

ಎರಡನೆಯದಾಗಿ, ದೂರ ಹೆಚ್ಚಿದಂತೆ ಅಲೆಯ ಬಲವು ಅತಿ ಬೇಗನೆ ಕುಗ್ಗುತ್ತದೆ. ಅಡ್ಡಿಯಿಲ್ಲದ ಆಕಾಶದಲ್ಲಿ ದೂರ ಇಮ್ಮಡಿಯಾದರೆ ಬಲ ನಾಲ್ಕನೆಯ ಒಂದಂಶವಾಗುತ್ತದೆ. ನೆಲದ ಮೇಲಾದರೋ, ನೇರವಾಗಿ ಬಂದ ಅಲೆಯೂ ನೆಲಕ್ಕೆ ಬಡಿದು ಬಂದ ಅಲೆಯೂ ಒಂದನ್ನೊಂದು ಅಳಿಸುವುದರಿಂದ, ದೂರ ಇಮ್ಮಡಿಯಾದಾಗ ಬಲವು ಅನೇಕ ವೇಳೆ ಹದಿನಾರನೆಯ ಒಂದಂಶಕ್ಕೆ ಇಳಿಯುತ್ತದೆ.

ಮರಗಿಡಗಳ ಪಾಲೂ ಇದೆ. ಹೊಳಲ್ಕೆರೆಯ ಅಡಕೆ ತೋಟಗಳು, ಹೊಸದುರ್ಗ ಹಿರಿಯೂರುಗಳ ತೆಂಗಿನ ತೋಟಗಳು ಕಿರುಅಲೆಗಳನ್ನು ಹೀರುತ್ತವೆ. ಒದ್ದೆಯಾದ ಎಲೆ ಒಣ ಎಲೆಗಿಂತ ಹೆಚ್ಚು ಹೀರುತ್ತದೆ. ಆದರೆ ‘ಮಳೆ ಬಂದರೆ ನೆಟ್ ಹೋಗುತ್ತದೆ’ ಎಂಬ ನಂಬಿಕೆಯು ಪೂರ್ಣ ಸತ್ಯವಲ್ಲ. ಮೊಳದುದ್ದದ, ಗೇಣುದ್ದದ ಅಲೆಗಳನ್ನು ಮಳೆಯ ಹನಿ ಅಷ್ಟಾಗಿ ತಡೆಯಲಾರದು. ಮಳೆಯಲ್ಲಿ ಸೇವೆ ನಿಂತರೆ ವಿದ್ಯುತ್ತು ಹೋಗಿರಬೇಕು, ಇಲ್ಲವೆ ಮುಂದೆ ಹೇಳಲಿರುವ ಟವರಿನ ಹಿಂದಿನ ದಾರಿ ಕೆಟ್ಟಿರಬೇಕು.

ಗದ್ದಲದಲ್ಲಿ ಮಾತು

ಅಲೆಯ ಬಲ ಕುಗ್ಗಿದರೆ ವೇಗವೇಕೆ ಕುಗ್ಗಬೇಕು? ಇದಕ್ಕೆ ಉತ್ತರವನ್ನು ಕೊಟ್ಟವನು ಅಮೆರಿಕದ ಕ್ಲಾಡ್ ಶ್ಯಾನನ್. ೧೯೪೮ರಲ್ಲಿ ಅವನು ಪ್ರಕಟಿಸಿದ ಪ್ರಬಂಧದ ಸಾರ ಹೀಗಿದೆ: ಒಂದು ಮಾರ್ಗದಲ್ಲಿ ತಪ್ಪಿಲ್ಲದೆ ಸಾಗಿಸಬಹುದಾದ ಮಾಹಿತಿಗೆ ಒಂದು ಪರಮಾವಧಿಯುಂಟು, ಅದು ಮಾರ್ಗದ ಅಗಲವನ್ನೂ, ಮಾತಿನ ಬಲಕ್ಕೂ ಗದ್ದಲದ ಬಲಕ್ಕೂ ಇರುವ ಪ್ರಮಾಣವನ್ನೂ ಅವಲಂಬಿಸಿದೆ. ಪ್ರಮಾಣಕ್ಕೆ ಒಂದನ್ನು ಕೂಡಿ, ಬಂದದ್ದು ಎರಡರ ಎಷ್ಟನೆಯ ಘಾತವೆಂದು ನೋಡಿ, ಆ ಸಂಖ್ಯೆಯಿಂದ ಮಾರ್ಗದ ಅಗಲವನ್ನು ಗುಣಿಸಿದರೆ ಪರಮಾವಧಿ ದೊರೆಯುತ್ತದೆ.

ಒಂದು ಲೆಕ್ಕವನ್ನು ಮಾಡಿನೋಡೋಣ. ಡೇಟಾ ಕಾರ್ಡಿನ ಸೇವೆಯ ಒಂದು ಮಾರ್ಗದ ಅಗಲ ೧.೨೫ ಮೆಗಾಹರ್ಟ್ಸ್. ಟವರಿನಿಂದ ಒಂದು ಕಿಲೊಮೀಟರ್ ದೂರದಲ್ಲಿ ಸಂಕೇತವು ಗದ್ದಲದ ೧೫ ಪಟ್ಟು ಇದೆಯೆಂದು ಊಹಿಸಿ. ಒಂದು ಕೂಡಿದರೆ ೧೬. ಅದು ಎರಡರ ನಾಲ್ಕನೆಯ ಘಾತ. ೧.೨೫ನ್ನು ನಾಲ್ಕರಿಂದ ಗುಣಿಸಿದರೆ ಸೆಕೆಂಡಿಗೆ ೫ ಮೆಗಾಬಿಟ್. ಎರಡು ಕಿಲೊಮೀಟರ್ ದೂರದಲ್ಲಿ ಬಲ ಹದಿನಾರರಲ್ಲಿ ಒಂದಾದರೆ ಸಂಕೇತ ಗದ್ದಲಗಳು ಹೆಚ್ಚುಕಡಮೆ ಸಮವಾಗುವುವು. ಆಗ ಪರಮಾವಧಿ ಸುಮಾರು ೧.೨ ಮೆಗಾಬಿಟ್. ನಾಲ್ಕು ಕಿಲೊಮೀಟರ್ ದೂರದಲ್ಲಿ ಅದು ೦.೧ ಮೆಗಾಬಿಟ್ಟಿಗೆ, ಎಂದರೆ ೧೦೦ ಕಿಲೊಬಿಟ್ಟಿನ ಆಸುಪಾಸಿಗೆ ಇಳಿಯುತ್ತದೆ. ದೂರ ನಾಲ್ಕು ಪಟ್ಟಾದುದಕ್ಕೆ ವೇಗವು ಐವತ್ತರಲ್ಲೊಂದು ಪಾಲಾಯಿತು! ಇದು ಊಹೆಯ ಲೆಕ್ಕವೇ ಸರಿ. ಆದರೂ ಪೇಟೆಗೂ ಹಳ್ಳಿಗೂ ಇರುವ ಅಂತರದ ಸ್ವರೂಪವನ್ನು ಇದು ಸ್ಪಷ್ಟವಾಗಿ ತೋರಿಸುತ್ತದೆ. ಯಾವ ಚತುರ ಯಂತ್ರವೂ ಶ್ಯಾನನ್ನನ ಮಿತಿಯನ್ನು ದಾಟಲಾರದು. ಮಾಡಬಹುದಾದುದು ಮೂರೇ: ಮಾರ್ಗವನ್ನು ಅಗಲಮಾಡುವುದು, ಗದ್ದಲವನ್ನು ತಗ್ಗಿಸುವುದು, ಟವರನ್ನು ಹತ್ತಿರ ತರುವುದು.

ನಾಲೆಯ ನೀರಿನ ಸರದಿ

ಈ ಮಿತಿಯೊಳಗೇ ಆದಷ್ಟು ಲಾಭವನ್ನು ಪಡೆಯುವ ಉಪಾಯವೇ ಆ ಕಾಲದ ಡೇಟಾ ಕಾರ್ಡುಗಳಲ್ಲಿದ್ದ ‘ಇ.ವಿ.-ಡಿ.ಒ.’ ಎಂಬ ತಂತ್ರ. ೨೦೦೨ರಲ್ಲಿ ದಕ್ಷಿಣ ಕೊರಿಯದಲ್ಲಿ ಇದು ಮೊದಲು ವಾಣಿಜ್ಯ ಬಳಕೆಗೆ ಬಂದಿತು. ಇದರ ರೀತಿಯನ್ನು ತಿಳಿಯಲು ವಾಣೀವಿಲಾಸ ಸಾಗರದ ಅಚ್ಚುಕಟ್ಟಿನ ರೈತರಿಗೆ ದೂರ ಹೋಗಬೇಕಾಗಿಲ್ಲ. ನಾಲೆಯ ನೀರನ್ನು ಎಲ್ಲ ಗದ್ದೆಗಳಿಗೂ ಏಕಕಾಲದಲ್ಲಿ ಬಿಟ್ಟರೆ ಯಾವ ಗದ್ದೆಗೂ ಸಾಲದು. ಸರದಿಯಂತೆ ಒಬ್ಬೊಬ್ಬರಿಗೆ ಪೂರ್ಣ ನೀರನ್ನು ಬಿಡುವುದು ವಾಡಿಕೆ. ಅಂತೆಯೇ ಟವರು ತನ್ನ ಪೂರ್ಣ ಬಲವನ್ನು ಒಂದು ಕ್ಷಣಕ್ಕೆ ಒಬ್ಬನಿಗೆ ಮಾತ್ರ ಮೀಸಲಿಡುತ್ತದೆ. ಈ ಕ್ಷಣವೆಂದರೆ ಸೆಕೆಂಡಿನ ಆರುನೂರನೆಯ ಒಂದು ಭಾಗ.

ಯಾರ ಸರದಿ ಯಾವಾಗ? ಸೆಕೆಂಡಿಗೆ ಆರುನೂರು ಸಲ ಪ್ರತಿಯೊಂದು ಡಾಂಗಲ್ಲೂ ‘ಈಗ ನನಗೆ ಇಷ್ಟು ವೇಗದಲ್ಲಿ ಕೇಳಿಸೀತು’ ಎಂದು ಟವರಿಗೆ ವರದಿ ಮಾಡುತ್ತದೆ. ಟವರು ಅತಿ ಚೆನ್ನಾಗಿ ಕೇಳಿಸುವವನನ್ನೇ ಸದಾ ಆರಿಸಿದರೆ ಒಟ್ಟು ಸಾಗಾಟವೇನೋ ಹೆಚ್ಚುತ್ತದೆ, ಆದರೆ ದೂರದವನಿಗೆ ಎಂದಿಗೂ ಸರದಿ ಬಾರದು. ಎಲ್ಲರಿಗೂ ಸಮನಾದ ವೇಗವನ್ನೇ ಕೊಡಹೊರಟರೆ ದೂರದವನೊಬ್ಬನಿಗಾಗಿಯೇ ಹೊತ್ತೆಲ್ಲ ಕಳೆದುಹೋಗುತ್ತದೆ. ಆದುದರಿಂದ, ತನ್ನ ಎಂದಿನ ಸರಾಸರಿಗೆ ಹೋಲಿಸಿದರೆ ಈ ಕ್ಷಣದಲ್ಲಿ ಯಾರ ಸ್ಥಿತಿ ಮೇಲಾಗಿದೆಯೋ ಅವರನ್ನು ಆರಿಸುವುದೆಂಬ ನಡುದಾರಿಯನ್ನು ಹಿಡಿದರು. ಬಡವನೂ ತನ್ನ ಒಳ್ಳೆಯ ಗಳಿಗೆಯಲ್ಲಿ ಪಾಲು ಪಡೆಯುತ್ತಾನೆ. ನ್ಯಾಯವೆಂದರೇನೆಂಬ ಹಳೆಯ ಪ್ರಶ್ನೆಗೆ ಶಿಲ್ಪಿಗಳು ಗಣಿತದಲ್ಲಿ ಕೊಟ್ಟ ಒಂದು ಉತ್ತರವೆಂದು ಇದನ್ನು ಹೇಳಬಹುದು.

ಆದರೂ ನಾಲೆಯಲ್ಲಿರುವಷ್ಟೇ ನೀರನ್ನು ಹಂಚಬೇಕಷ್ಟೆ. ಒಂದು ಟವರಿನ ಒಂದು ದಿಕ್ಕಿನ ಮಾರ್ಗದಲ್ಲಿ ೩.೧ ಮೆಗಾಬಿಟ್ ಸಂಪೂರ್ಣವಾಗಿ ದೊರೆತರೂ, ಸಂಜೆಯ ಹೊತ್ತು ಇಪ್ಪತ್ತು ಮಂದಿ ಒಟ್ಟಿಗೆ ಬಳಸತೊಡಗಿದರೆ ತಲೆಗೆ ಬರುವುದು ೧೫೫ ಕಿಲೊಬಿಟ್. ಎಂಟು ಸೆಕೆಂಡಿನಲ್ಲಿ ತಲಪಬೇಕಾಗಿದ್ದ ಫೋಟೋ ಎರಡೂವರೆ ನಿಮಿಷ ತೆಗೆದುಕೊಳ್ಳುತ್ತದೆ. ಜಾಹೀರಾತಿನ ಅಂಕಿ ಸುಳ್ಳಲ್ಲ. ಅದು ಟವರಿನ ಬುಡದಲ್ಲಿ, ಒಬ್ಬನೇ ಇರುವಾಗ ಸತ್ಯ.

ಸಂತೆಯ ಮಾತು, ಕೋಟೆಯ ಮಾರ್ದನಿ

ಟವರಿನಿಂದ ಬರುವ ಮಾತಿಗೆ ಸರದಿಯಾದರೆ ಟವರಿಗೆ ಹೋಗುವ ಮಾತಿಗೆ ಬೇರೊಂದು ಉಪಾಯವಿದ್ದಿತು. ಅಲ್ಲಿ ಎಲ್ಲರೂ ಏಕಕಾಲದಲ್ಲಿ, ಒಂದೇ ಅಲೆಯ ಪಟ್ಟಿಯಲ್ಲಿ ಮಾತನಾಡುತ್ತಿದ್ದರು! ದುರ್ಗದ ಸೀಮೆಯ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳು ಒಟ್ಟಿಗೆ ಕೇಳಿಬರುತ್ತವೆ. ಲಂಬಾಣಿ ಬಲ್ಲವನು ಉಳಿದ ಮಾತುಗಳನ್ನು ಬರಿಯ ಗದ್ದಲವೆಂದೆಣಿಸಿ ತನ್ನ ಮಾತನ್ನು ಹೆಕ್ಕಿಕೊಳ್ಳುತ್ತಾನೆ. ಅದರಂತೆ ಒಂದೊಂದು ಡಾಂಗಲ್ಲಿಗೂ ಒಂದೊಂದು ಗುಪ್ತಲಿಪಿಯನ್ನು ಕೊಟ್ಟರೆ, ಟವರು ಆಯಾ ಲಿಪಿಯನ್ನು ಹಿಡಿದು ಆಯಾ ಮಾತನ್ನು ಬಿಡಿಸಿಕೊಳ್ಳುತ್ತದೆ. ‘ಸಿ.ಡಿ.ಎಂ.ಎ.’ ಎಂಬ ಪದ್ಧತಿಯ ಒಳಗುಟ್ಟು ಇಷ್ಟೆ. ಆದರೆ ಸಂತೆಯಲ್ಲಿ ಒಬ್ಬನು ಗಂಟಲು ಹರಿಯುವಂತೆ ಕೂಗಿದರೆ ಉಳಿದವರ ಮಾತು ಮುಳುಗುತ್ತದೆ. ಆದುದರಿಂದ ಹತ್ತಿರದ ಡಾಂಗಲ್ಲಿಗೆ ಮೆಲ್ಲಗೆ ಮಾತನಾಡೆಂದೂ ದೂರದ್ದಕ್ಕೆ ಗಟ್ಟಿಯಾಗಿ ಮಾತನಾಡೆಂದೂ ಟವರು ಎಡೆಬಿಡದೆ ಆಜ್ಞೆಮಾಡುತ್ತಿದ್ದಿತು.

ಇನ್ನೊಂದು ಕೌತುಕವನ್ನು ಹೇಳಬೇಕು. ದುರ್ಗದ ಹೆಬ್ಬಂಡೆಗಳ ನಡುವೆ ನಿಂತು ಕೂಗಿದರೆ ಮಾರ್ದನಿಗಳು ಒಂದರ ಹಿಂದೊಂದು ಬರುತ್ತವೆ. ವಿದ್ಯುತ್ಕಾಂತ ಅಲೆಯೂ ಹಾಗೆಯೇ ಬಂಡೆಗೆ, ಕಟ್ಟಡಕ್ಕೆ ಬಡಿದು ಹಲವು ದಾರಿಗಳಲ್ಲಿ, ಸೆಕೆಂಡಿನ ದಶಲಕ್ಷಾಂಶದಷ್ಟು ಹಿಂದುಮುಂದಾಗಿ ಬಂದು ಸೇರುತ್ತದೆ. ಸಾಮಾನ್ಯವಾಗಿ ಇವು ಒಂದನ್ನೊಂದು ಕೆಡಿಸುತ್ತವೆ. ಡಾಂಗಲ್ಲನ್ನು ಗೇಣುದ್ದ ಸರಿಸಿದರೆ ಸಂಕೇತ ಏರುವುದೂ ಇಳಿಯುವುದೂ ಇದರಿಂದಲೇ. ಆದರೆ ೧೯೫೮ರಲ್ಲಿ ಪ್ರೈಸ್ ಮತ್ತು ಗ್ರೀನ್ ಎಂಬಿಬ್ಬರು, ಈ ಮಾರ್ದನಿಗಳನ್ನು ಬೇರೆ ಬೇರೆಯಾಗಿ ಹಿಡಿದು ಅವುಗಳ ಕಾಲವ್ಯತ್ಯಾಸವನ್ನು ಸರಿಪಡಿಸಿ ಒಂದುಗೂಡಿಸುವ ಗ್ರಾಹಕಯಂತ್ರವನ್ನು ವರ್ಣಿಸಿದರು. ಹುಲ್ಲನ್ನು ಒಟ್ಟುಗೂಡಿಸುವ ಕುಂಟೆಯಂಥ ಉಪಕರಣದ ಹೆಸರನ್ನೇ ಅದಕ್ಕೆ ಇಂಗ್ಲಿಷಿನಲ್ಲಿ ಇಟ್ಟರು. ಸಿ.ಡಿ.ಎಂ.ಎ. ಸಾಧನಗಳಲ್ಲಿ ಇದು ಬಳಕೆಯಾಯಿತು. ಅಡ್ಡಿಯೆನಿಸಿದ್ದ ಬಂಡೆಯೇ ಹೀಗೆ ಕೆಲಮಟ್ಟಿಗೆ ಸಹಾಯಕವಾಯಿತು.

ಟವರಿನ ಹಿಂದಿನ ದಾರಿ

ತಂತಿಯಿಲ್ಲದ ಅಂತರಜಾಲವೆಂದರೂ ತಂತಿಯಿಲ್ಲದಿರುವುದು ಕೊನೆಯ ಕೆಲವು ಕಿಲೊಮೀಟರ್ ಮಾತ್ರ. ಟವರಿನಿಂದ ಮುಂದೆ ಮಾಹಿತಿಯು ಬೆಂಗಳೂರಿಗೂ, ಅಲ್ಲಿಂದ ಪ್ರಪಂಚಕ್ಕೂ ಹೋಗಬೇಕಾದರೆ ಗಾಜಿನ ಎಳೆಯ ಕೇಬಲ್ ಬೇಕು. ಅದಿಲ್ಲದಿದ್ದರೆ ಗುಡ್ಡದಿಂದ ಗುಡ್ಡಕ್ಕೆ ನೆಗೆಯುವ ಅತಿ ಕಿರಿಯ ಅಲೆಗಳ ಸಂಪರ್ಕವಾದರೂ ಬೇಕು. ಮೂರು ದಿಕ್ಕಿಗೆ ೩.೧ ಮೆಗಾಬಿಟ್ಟಿನಂತೆ ಒಂದು ಟವರಿಗೆ ೯.೩ ಮೆಗಾಬಿಟ್ ಆಯಿತು. ದೂರವಾಣಿ ಇಲಾಖೆಯ ರೂಢಿಯ ಒಂದು ಮಾರ್ಗ ಹೊರುವುದು ೨.೦೪೮ ಮೆಗಾಬಿಟ್. ಆದುದರಿಂದ ಅಂಥ ಐದು ಮಾರ್ಗಗಳಿಲ್ಲದೆ ಟವರು ತನ್ನ ಪೂರ್ಣ ಶಕ್ತಿಯನ್ನು ತೋರಲಾರದು. ಒಂದೇ ಮಾರ್ಗವಿದ್ದರೆ ದೊಡ್ಡ ಕೊಳವೆಗೆ ಸಣ್ಣ ನಲ್ಲಿಯನ್ನು ಜೋಡಿಸಿದಂತಾಗುತ್ತದೆ. ಪರದೆಯ ಮೇಲೆ ಗೀಟುಗಳೆಲ್ಲ ತುಂಬಿದ್ದೂ ವೇಗವಿಲ್ಲದಿದ್ದರೆ ವಾಚಕರು ಈ ದಾರಿಯನ್ನು ಶಂಕಿಸಬಹುದು.

ಬೆಂಗಳೂರು ಪುಣೆಗಳನ್ನು ಕೂಡಿಸುವ ಹೆದ್ದಾರಿ ಹಿರಿಯೂರು ಚಿತ್ರದುರ್ಗಗಳ ಮೂಲಕ ಹೋಗಿದೆ. ಗಾಜಿನ ಕೇಬಲ್ಲನ್ನು ಹೂಳುವವರಿಗೆ ಹೆದ್ದಾರಿಯ ಪಕ್ಕವು ಅನುಕೂಲದ ದಾರಿ. ಒಳನಾಡಿನ ಗ್ರಾಮಕ್ಕೆ ಈ ಅನುಕೂಲವಿಲ್ಲ. ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಕೇಬಲ್ಲನ್ನು ಮುಟ್ಟಿಸಬೇಕೆಂಬ ಯೋಜನೆಗೆ ಕೇಂದ್ರ ಸರಕಾರವು ೨೦೧೧ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ‘ಭಾರತ್‌ನೆಟ್’ ಎಂದು ಹೆಸರಾಯಿತು. ವಿದ್ಯುತ್ತಿನ ಪ್ರಶ್ನೆಯೂ ಉಂಟು: ವಿದ್ಯುತ್ತು ಹೋದಾಗ ಟವರು ಬ್ಯಾಟರಿಯಿಂದಲೋ ಡೀಸೆಲ್ ಯಂತ್ರದಿಂದಲೋ ನಡೆಯಬೇಕು. ಚಿತ್ರದುರ್ಗದ ಬೆಟ್ಟಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರಗಳು ತಿರುಗಿ ವಿದ್ಯುತ್ತನ್ನು ಉತ್ಪಾದಿಸುತ್ತಿವೆ. ಆದರೂ ಬೆಟ್ಟದ ಕೆಳಗಿನ ಟವರು ವಿದ್ಯುತ್ತಿಲ್ಲದೆ ನಿಲ್ಲುವುದುಂಟೆಂದರೆ ಅದು ವಿಜ್ಞಾನದ ಕೊರತೆಯಲ್ಲ, ವ್ಯವಸ್ಥೆಯದು.

ಮುಂದೇನಾಯಿತು

ಡೇಟಾ ಕಾರ್ಡಿನ ಕಾಲ ದೀರ್ಘವಾಗಲಿಲ್ಲ. ೨೦೧೬ರಿಂದ ಸಿ.ಡಿ.ಎಂ.ಎ. ಸೇವೆಗಳು ಒಂದೊಂದಾಗಿ ನಿಂತುವು. ಕೊಂಡಿದ್ದ ಡಾಂಗಲ್ಲುಗಳು ಮೇಜಿನ ಒಳಗೂಡನ್ನು ಸೇರಿದುವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಸಂಸ್ಥೆಯು ‘ಫೋರ್-ಜಿ’ ಸೇವೆಯನ್ನು ಆರಂಭಿಸಿತು. ಇಲ್ಲಿ ಮಾರ್ಗದ ಅಗಲವು ೧.೨೫ರ ಬದಲು ೨೦ ಮೆಗಾಹರ್ಟ್ಸ್‌ವರೆಗೂ ಇರಬಹುದು. ಶ್ಯಾನನ್ನನ ಸೂತ್ರದಂತೆ ಅಗಲ ಹದಿನಾರು ಪಟ್ಟಾದರೆ ಪರಮಾವಧಿಯೂ ಅಷ್ಟೇ ಪಟ್ಟಾಗುತ್ತದೆ. ೨೦೨೨ರ ಅಕ್ಟೋಬರ್ ೧ರಂದು ದೇಶದಲ್ಲಿ ‘ಫೈವ್-ಜಿ’ ಆರಂಭವ���ಯಿತು. ಅದರ ಮುಖ್ಯ ಅಲೆಗಳಲ್ಲೊಂದು ಸುಮಾರು ೯ ಸೆಂಟಿಮೀಟರ್. ೨೬ ಗಿಗಾಹರ್ಟ್ಸ್ ಪಟ್ಟಿಯದಾದರೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಬೋಸರು ೧೮೯೫ರ ಸುಮಾರಿನಲ್ಲಿ ಪ್ರಯೋಗಿಸಿದ ಅಲೆಗಳ ಅಳತೆಗೇ ನಾವು ಮರಳಿದ್ದೇವೆ. ಅಲೆ ಕಿರಿದಾದಷ್ಟೂ ಅಗಲವಾದ ಮಾರ್ಗ ಸಿಗುತ್ತದೆ. ಆದರೆ ಅದು ಬಾಗುವುದೂ ಕಡಮೆ, ಎಲೆ ಗೋಡೆಗಳನ್ನು ತೂರುವುದೂ ಕಡಮೆ. ಪೇಟೆಗೆ ಕಿರಿಯ ಅಲೆ, ಹಳ್ಳಿಗೆ ಹಿರಿಯ ಅಲೆ ಎಂಬುದು ನಿಸರ್ಗವೇ ಮಾಡಿದ ಹಂಚಿಕೆ. ೭೦೦ ಮೆಗಾಹರ್ಟ್ಸ್ ಪಟ್ಟಿಯ, ೪೩ ಸೆಂಟಿಮೀಟರ್ ಉದ್ದದ ಅಲೆಗೆ ಗ್ರಾಮಾಂತರದಲ್ಲಿ ಹೆಚ್ಚಿನ ಬೆಲೆಯಿರುವುದು ಇದಕ್ಕಾಗಿಯೇ.

ಇಷ್ಟೆಲ್ಲ ವಿಚಾರದಿಂದ ಪ್ರಯೋಜನವೇನೆಂದು ಕೇಳಬಹುದು. ೨೦೨೦ರಲ್ಲಿ ಸಾಂಕ್ರಾಮಿಕ ರೋಗದಿಂದ ಶಾಲೆಗಳು ಮುಚ್ಚಿ ಪಾಠವು ಅಂತರಜಾಲಕ್ಕೆ ಏರಿದಾಗ ಕರ್ನಾಟಕದ ಎಷ್ಟೋ ಹಳ್ಳಿಗಳ ಮಕ್ಕಳು ಸಂಕೇತವನ್ನರಸಿ ಗುಡ್ಡ ಹತ್ತಿ ಕುಳಿತು ಪಾಠ ಕೇಳಿದರು. ಗುಡ್ಡದ ನೆರಳು ಎಂಬುದು ಆಗ ಭೌತಶಾಸ್ತ್ರದ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಒಂದು ವರ್ಷದ ವಿದ್ಯೆಯ ಪ್ರಶ್ನೆಯಾಯಿತು. ‘ಭೂಮಿ’ ಯೋಜನೆಯಿಂದ ಪಹಣಿ ಗಣಕಕ್ಕೆ ಏರಿದೆ. ಕೃಷಿ ಮಾರುಕಟ್ಟೆಯ ಹರಾಜು ಗಣಕಕ್ಕೆ ಏರಿದೆ. ನೆರಳಿನಲ್ಲಿರುವವನು ಇವೆಲ್ಲಕ್ಕೂ ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹತ್ತಬೇಕು.

೧೯೯೫ರ ಫೆಬ್ರವರಿಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ರೇಡಿಯೋ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸಾರಿತು. ಸ್ವತ್ತು ಎಲ್ಲರದಾದ ಮೇಲೆ ಅದರ ಫಲವೂ ಎಲ್ಲರಿಗೂ ಮುಟ್ಟಬೇಕಷ್ಟೆ. ಲಾಭವಿಲ್ಲದ ಕಡೆ ಸೇವೆಯನ್ನು ಒಯ್ಯಲು ೨೦೦೨ರಲ್ಲಿಯೇ ಒಂದು ಪ್ರತ್ಯೇಕ ನಿಧಿ ಏರ್ಪಟ್ಟಿತು. ೨೦೨೨ರಲ್ಲಿ ಕೇಂದ್ರ ಸರಕಾರವು ಫೋರ್-ಜಿ ಮುಟ್ಟದ ೨೪,೬೮೦ ಹಳ್ಳಿಗಳಿಗೆ ಅದನ್ನು ಒಯ್ಯುವ ಯೋಜನೆಯನ್ನು ಒಪ್ಪಿತು. ಇಂಥ ಯೋಜನೆಗಳ ಪರೀಕ್ಷೆ ನಡೆಯಬೇಕಾದುದು ನಕ್ಷೆಯ ಮೇಲಲ್ಲ, ಗುಡ್ಡದ ಹಿಂದೆ.

ಓದುಗರು ತಾವೇ ಮಾಡಬಹುದಾದುದೂ ಕೆಲವಿದೆ. ಸಾಧನವನ್ನು ಕಬ್ಬಿಣದ ಬೀರುವಿನ ಬಳಿಯಿಂದಲೂ ತಗಡಿನ ಮಾಡಿನ ಕೆಳಗಿನಿಂದಲೂ ತೆಗೆದು, ಟವರಿನ ದಿಕ್ಕಿನ ಕಿಟಕಿಯಲ್ಲಿ ಆದಷ್ಟು ಎತ್ತರದಲ್ಲಿಡಬೇಕು. ಒಂದೆರಡು ಗೇಣು ಅತ್ತಿತ್ತ ಸರಿಸಿ ನೋಡಬೇಕು. ನಸುಕಿನಲ್ಲಿ ವೇಗವಿದ್ದು ಸಂಜೆ ಇಲ್ಲದಿದ್ದರೆ ಹಂಚಿಕೆಯ ಕೊರತೆಯೆಂದೂ, ಎರಡು ಹೊತ್ತೂ ಗೀಟು ತುಂಬಿದ್ದು ವೇಗವಿಲ್ಲದಿದ್ದರೆ ಟವರಿನ ಹಿಂದಿನ ದಾರಿಯ ಕೊರತೆಯೆಂದೂ, ಗೀಟೇ ಇಲ್ಲದಿದ್ದರೆ ದೂರದ ಅಥವಾ ನೆರಳಿನ ದೋಷವೆಂದೂ ಸ್ಥೂಲವಾಗಿ ತೀರ್ಮಾನಿಸಬಹುದು. ಮೊದಲನೆಯದಕ್ಕೆ ಇನ್ನೊಂದು ಮಾರ್ಗವನ್ನೂ, ಎರಡನೆಯದಕ್ಕೆ ಗಾಜಿನ ಕೇಬಲ್ಲನ್ನೂ, ಮೂರನೆಯದಕ್ಕೆ ಇನ್ನೊಂದು ಟವರನ್ನೂ ಕೇಳಬೇಕು. ಹೊಸ ಸೇವೆಯೊಂದು ಊರಿಗೆ ಬಂದಾಗ ‘ಅತಿ ಹೆಚ್ಚೆಂದರೆ ಎಷ್ಟು ವೇಗ?’ ಎಂದು ಕೇಳುವುದಕ್ಕಿಂತ ‘ಸಂಜೆ ಏಳು ಗಂಟೆಗೆ, ತಾಲ್ಲೂಕಿನ ಅಂಚಿನ ಹಳ್ಳಿಯಲ್ಲಿ, ಅತಿ ಕಡಮೆಯೆಂದರೆ ಎಷ್ಟು?’ ಎಂದು ಕೇಳುವುದೇ ಮೇಲು.